ದೀವದ ನಾಯಿ ನಮ್ಮ ಮನೆಗೆ ಬೇಕೆ?

ಕೆನಡಾ ದೇಶದ ನೋವಾ ಸ್ಕೋಷಿಯಾ ಪ್ರಾಂತದಲ್ಲಿ ಬಾತುಗಳನ್ನು ಮರುಳುಗೊಳಿಸುವುದನ್ನೇ ಕಸುಬಾಗಿಸಿಕೊಂಡ ಒಂದು ನಾಯಿ ತಳಿಯಿದೆ. ‘ನೋವಾ ಸ್ಕೋಷಿಯಾ ಡಕ್ ಟೋಲಿಂಗ್ ರಿಟ್ರೀವರ್’ ಎಂಬ ಉದ್ದನೆಯ ಹೆಸರನ್ನು ಬಲ್ಲವರು ‘ಟೋಲರ್’ ಎಂದು ಮೊಟಕುಗೊಳಿಸುತ್ತಾರೆ. ಬೇಟೆಗಾರ ದಡದ ಪೊದೆಯಲ್ಲಿ ಅಡಗಿ ಕುಳಿತು ನೀರಂಚಿಗೆ ಕಡ್ಡಿಯನ್ನೋ ಚೆಂಡನ್ನೋ ಎಸೆಯುತ್ತಾನೆ. ನಾಯಿ ಬಾಲ ಬೀಸುತ್ತ ಓಡಿ ಅದನ್ನು ಕಚ್ಚಿ ತರುತ್ತದೆ; ಮತ್ತೆ ಓಡುತ್ತದೆ, ಮತ್ತೆ ಮರೆಯಾಗುತ್ತದೆ. ನಡುನೀರಿನಲ್ಲಿರುವ ಬಾತುಗಳು ಈ ಕೆಂಬಣ್ಣದ ಪ್ರಾಣಿಯ ಕುಣಿತವೇನೆಂದು ನೋಡಲು ತೇಲುತ್ತ ಹತ್ತಿರ ಬರುತ್ತವೆ. ಕೋವಿಯ ಅಳತೆಗೆ ಬಂದಾಗ ಬೇಟೆಗಾರ ನಾಯಿಯನ್ನು ಹಿಂದಕ್ಕೆ ಕರೆದು ಎದ್ದು ನಿಲ್ಲುತ್ತಾನೆ; ಹಕ್ಕಿಗಳು ಬೆದರಿ ಮೇಲೇಳುತ್ತವೆ; ಗುಂಡು ಹಾರುತ್ತದೆ. ಬಿದ್ದ ಹಕ್ಕಿಯನ್ನು ಕೊರೆಯುವ ನೀರಿನಲ್ಲಿ ಈಜಿ ತರುವುದೂ ಅದೇ ನಾಯಿ. ದಡದಲ್ಲಿ ನರಿಗಳು ಹೀಗೆ ಆಡಿ ಬಾತುಗಳನ್ನು ಸೆಳೆಯುವುದನ್ನು ಕಂಡು ಮನುಷ್ಯ ಈ ಉಪಾಯವನ್ನು ಕಲಿತನೆಂದು ಹೇಳುತ್ತಾರೆ.

ನಮಗೆ ಈ ವಿದ್ಯೆ ತೀರ ಹೊಸದಲ್ಲ. ಪಳಗಿಸಿದ ಮೃಗವನ್ನೋ ಹಕ್ಕಿಯನ್ನೋ ಮುಂದಿಟ್ಟು ಕಾಡಿನದನ್ನು ಸೆಳೆಯುವುದಕ್ಕೆ ಹಳಗನ್ನಡದಲ್ಲಿ ‘ದೀವ’ ಎಂಬ ಮಾತಿದೆ. ತೆಲುಗಿನಲ್ಲಿ ಅದೇ ‘ದೀಮಮು’. ಆದರೆ ನಮ್ಮ ದೀವ ಜಿಂಕೆಗೆ ಜಿಂಕೆ, ಹಕ್ಕಿಗೆ ಹಕ್ಕಿ. ನಾಯಿಯನ್ನು ದೀವವಾಗಿಸಿದವರು ಕೆನಡಾದವರಲ್ಲದೆ ಡಚ್ಚರು. ಅವರ ‘ಕೋಯ್ಕರ್‌ಹೊಂಡ್ಯೆ’ ಎಂಬ ಪುಟ್ಟ ನಾಯಿ ಜೊಂಡಿನ ತಡಿಕೆಗಳ ನಡುವೆ ತನ್ನ ಬಿಳಿಯ ಚಾಮರದಂಥ ಬಾಲವನ್ನು ಒಮ್ಮೆ ತೋರಿಸಿ ಒಮ್ಮೆ ಮರೆಸಿ, ಬಾತುಗಳನ್ನು ಬಲೆ ಹೊದಿಸಿದ ಕಾಲುವೆಯೊಳಕ್ಕೆ ಎಳೆದೊಯ್ಯುತ್ತಿತ್ತು. ಇಂಗ್ಲಿಷಿನ ‘ಡಿಕಾಯ್’ ಎಂಬ ಪದದ ಬೇರನ್ನೂ ಡಚ್ಚರ ಈ ‘ಕೋಯ್’ನಲ್ಲೇ ಗುರುತಿಸುತ್ತಾರೆ.

ಇಷ್ಟೆಲ್ಲ ಬರೆಯಲು ಕಾರಣವಿದೆ. ನಮ್ಮ ಬಳಗಕ್ಕೆ ಸೇರಿದ ಕುಟುಂಬವೊಂದು ಕೊಂಡಾಪುರದ ತಮ್ಮ ಒಂಬತ್ತನೆಯ ಅಂತಸ್ತಿನ ಮನೆಗೆ ಟೋಲರ್ ಮರಿಯೊಂದನ್ನು ತರಿಸುವ ಆಲೋಚನೆಯಲ್ಲಿದೆ. ಹನ್ನೆರಡು ವರ್ಷದ ಮಗಳು ಕಂಪ್ಯೂಟರಿನ ಪರದೆಯಲ್ಲಿ ಅದನ್ನು ನೋಡಿ ಮನಸೋತಿದ್ದಾಳೆ. ಮನಸೋಲುವಂಥದ್ದೇ ಅದು. ಸುಮಾರು 20 ಕಿಲೋ ತೂಕ, ನರಿಯ ಬಣ್ಣ, ಎದೆಯ ಮೇಲೆ ಬಿಳಿಯ ತೇಪೆ, ಚುರುಕು ಬುದ್ಧಿ, ಮಕ್ಕಳೊಡನೆ ಸಲುಗೆ. 1945ರಲ್ಲಿ ಕೆನಡಾದ ಕೆನಲ್ ಕ್ಲಬ್ ಇದನ್ನು ತಳಿಯೆಂದು ಮಾನ್ಯ ಮಾಡಿತು. 1995ರಲ್ಲಿ ನೋವಾ ಸ್ಕೋಷಿಯಾ ತನ್ನ ಪ್ರಾಂತದ ಅಧಿಕೃತ ನಾಯಿಯನ್ನಾಗಿ ಘೋಷಿಸಿತು. ಮನೆಯ ನಾಯಿಯಾಗಲು ಇದಕ್ಕಿಂತ ಹೆಚ್ಚಿನ ಅರ್ಹತೆ ಬೇಕೆ ಎಂದು ಆ ಮನೆಯ ಯಜಮಾನರು ಕೇಳಿದರು. ಬೇಡವೆಂಬುದು ನನ್ನ ಅಭಿಪ್ರಾಯ.

ಮೊದಲನೆಯದಾಗಿ, ಈ ನಾಯಿಯ ಚೆಲುವೂ ಅದರ ಕೆಲಸವೂ ಬೇರೆಬೇರೆಯಲ್ಲ. ಎಸೆದ ಕಡ್ಡಿಯನ್ನು ನೂರು ಸಲ ತಂದರೂ ನೂರೊಂದನೆಯ ಸಲಕ್ಕೆ ಕಾತರಿಸುವಂತೆ ಅದನ್ನು ತಲೆಮಾರುಗಳಿಂದ ಆಯ್ದು ಬೆಳೆಸಿದ್ದಾರೆ. ಬಾತುಗಳನ್ನು ಹತ್ತಿರಕ್ಕೆ ತರುವುದು ಆ ದಣಿಯದ ಆಟವೇ. ತಂದೆತಾಯಿ ಇಬ್ಬರೂ ಕಚೇರಿಗೆ, ಮಗು ಶಾಲೆಗೆ ಹೋದ ಮೇಲೆ ಎಂಟು ಗಂಟೆಗಳ ಕಾಲ ಬಾಲ್ಕನಿಯ ಸರಳುಗಳ ಹಿಂದೆ ಕೂರುವ ಟೋಲರ್ ಏನು ಮಾಡೀತು? ಉದ್ವೇಗಗೊಂಡಾಗ ಅದು ಹೊರಡಿಸುವ ಕೀರಲು ದನಿ ತಳಿಯ ಪ್ರೇಮಿಗಳ ನಡುವೆಯೇ ಹೆಸರುವಾಸಿಯಾದದ್ದು. ಅದು ಬೊಗಳುವಿಕೆಯಲ್ಲ, ಚೀತ್ಕಾರ. ಸಾಕುನಾಯಿಗಳನ್ನು ವಸತಿಸಂಘಗಳು ನಿಷೇಧಿಸುವಂತಿಲ್ಲವೆಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸೂಚಿಸಿದೆ, ನಿಜ. ಆದರೆ ಪಕ್ಕದ ಮನೆಯವರ ಮಧ್ಯಾಹ್ನದ ನಿದ್ರೆ ಸುತ್ತೋಲೆಯನ್ನು ಓದಿಕೊಂಡು ಬರುವುದಿಲ್ಲ.

ಕೆರೆಗೆ ಕರೆದೊಯ್ಯುತ್ತೇವೆ ಎಂದರು. ಹೈದರಾಬಾದಿನಲ್ಲಿ ಕೆರೆಗಳಿಗೇನೂ ಬರವಿಲ್ಲ. ನಗರದ ಅಂಚಿನ ಅಮೀನ್‌ಪುರದ ಕೆರೆಗೆ 2016ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣದ ಮನ್ನಣೆ ಸಿಕ್ಕಿದೆ. ಚಳಿಗಾಲದಲ್ಲಿ ಇಲ್ಲಿನ ಕೆರೆಗಳಿಗೆ ಸೂಜಿಯಂಥ ಬಾಲದ, ಸಲಿಕೆಯಂಥ ಕೊಕ್ಕಿನ ಬಾತುಗಳು ಹಿಮಾಲಯದಾಚೆಯಿಂದ ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅವುಗಳಿಗೆ ರಕ್ಷಣೆ ಕೊಟ್ಟಿದೆ. ಸಾವಿರಾರು ಮೈಲಿ ಹಾರಿ ಬಂದು ದಣಿವಾರಿಸಿಕೊಳ್ಳುವ ಹಕ್ಕಿಗಳ ಮುಂದೆ ದೀವದ ನಾಯಿಯನ್ನು ಕುಣಿಸುವುದು, ಕೋವಿಯಿಲ್ಲದಿದ್ದರೂ, ಸಭ್ಯತೆಯಲ್ಲ. ಉಳಿದ ಅನೇಕ ಕೆರೆಗಳ ನೀರಿಗೆ ನಾಯಿಯಿರಲಿ, ಕಾಲಿಡಲೂ ನಾವು ಹಿಂಜರಿಯುತ್ತೇವೆ.

ಹವೆಯ ಮಾತು ಇನ್ನೂ ಗಂಭೀರ. ಅಟ್ಲಾಂಟಿಕ್ ಕರಾವಳಿಯ ಹಿಮನೀರನ್ನು ತಡೆಯಲೆಂದು ಬೆಳೆದ ಎರಡು ಪದರದ ತುಪ್ಪಟವನ್ನು ಹೊದ್ದು, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ದಖ್ಖನಿನ ಬಂಡೆನೆಲದ ಮೇಲೆ ಬದುಕಬೇಕು. ಮನೆಯೊಳಗೆ ಏಸಿ ಇದೆ ಎನ್ನಬಹುದು. ದಿನವೆಲ್ಲ ಓಡಲೆಂದೇ ಹುಟ್ಟಿದ ಪ್ರಾಣಿಗೆ ಏಸಿಯ ಕೋಣೆ ತಂಪಾದ ಸೆರೆಮನೆ. ಇದರ ಮೇಲೆ, ಕಳೆದ ಶತಮಾನದ ಆರಂಭದಲ್ಲಿ ಡಿಸ್ಟೆಂಪರ್ ರೋಗ ಈ ತಳಿಯನ್ನು ಹೆಚ್ಚುಕಡಿಮೆ ಗುಡಿಸಿಹಾಕಿತ್ತು. ಉಳಿದ ಕೆಲವೇ ನಾಯಿಗಳ ಸಂತತಿ ಇಂದಿನದು. ಹೀಗಾಗಿ ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆಗಳು ಇವುಗಳಲ್ಲಿ ಹೆಚ್ಚು. ಅಪರೂಪದ ತಳಿಯ ಇಂಥ ಕಾಯಿಲೆಯನ್ನು ಮೊದಲ ನೋಟಕ್ಕೇ ಗುರುತಿಸುವ ಪಶುವೈದ್ಯರನ್ನು ಇಲ್ಲಿ ಹುಡುಕುವುದು ಸುಲಭವಲ್ಲ.

ಲ್ಯಾಬ್ರಡಾರ್ ಕೂಡ ನೀರುಹಕ್ಕಿಯ ಬೇಟೆನಾಯಿಯೇ ಅಲ್ಲವೆ, ಅದು ನಮ್ಮ ಓಣಿಗಳಲ್ಲಿ ಸುಖವಾಗಿಲ್ಲವೆ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಅದು ದಶಕಗಳ ಕಾಲ ನಮ್ಮೊಡನೆ ಬಾಳಿ ಈ ನೆಲಕ್ಕೆ ಒಗ್ಗಿದೆ. ಅದರ ಕಷ್ಟಸುಖಗಳು ನಮ್ಮ ವೈದ್ಯರಿಗೆ ಗೊತ್ತು. ಅದರ ಸ್ವಭಾವವೂ ಬಹುಮಟ್ಟಿಗೆ ಸಾವಧಾನದ್ದು. (ಅದರ ಬೊಜ್ಜು ಬೇರೆಯೇ ಕತೆ.) ನೋಟಕ್ಕೆ ಮರುಳಾಗಿ ನಾಯಿ ತಂದರೆ ಏನಾಗುತ್ತದೆಂಬುದನ್ನು ಹಚ್ ಕಂಪನಿಯ ಜಾಹೀರಾತಿನ ನಂತರದ ಪಗ್ ಹುಚ್ಚಿನಲ್ಲಿ ನಾವು ನೋಡಿದ್ದೇವೆ. ಹುಡುಗನ ಹಿಂದೆ ನಡೆದ ಆ ಮುದ್ದು ಮುಖವನ್ನು ಕಂಡು ಕೊಂಡವರಿಗೆ, ಬೇಸಿಗೆಯಲ್ಲಿ ಅದು ಉಸಿರಿಗಾಗಿ ಪಡುವ ಪಾಡು ಆಮೇಲೆ ತಿಳಿಯಿತು.

ಹಾಗಾದರೆ ನಮ್ಮದೇ ಮುಧೋಳ ನಾಯಿ ತರೋಣವೆ? ಹೊರನಾಡ ಕನ್ನಡಿಗರಲ್ಲಿ ಈ ಪ್ರಶ್ನೆ ಅಭಿಮಾನದಿಂದಲೇ ಏಳುತ್ತದೆ. ಮುಧೋಳದ ಘೋರ್ಪಡೆ ದೊರೆಗಳು ಪೋಷಿಸಿದ ತಳಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. ಸೇನೆಯೂ ಅದನ್ನು ತರಬೇತಿಗೆ ತೆಗೆದುಕೊಂಡಿತು. ಬಿಸಿಲಿಗೆ ಅಂಜದು, ತುಪ್ಪಟದ ಹೊರೆಯಿಲ್ಲ. ಆದರೂ ಅಭಿಮಾನ ಒಂದೇ ಕಾರಣವಾಗಬಾರದು. ಅದು ಕಣ್ಣಿನಿಂದ ಬೇಟೆಯಾಡುವ ನಾಯಿ; ಓಡುವ ಬೆಕ್ಕನ್ನು ಕಂಡರೆ ಕರೆದರೂ ತಿರುಗದು. ಬಯಲು ಬೇಕು. ಅಪರಿಚಿತರ ಮುದ್ದನ್ನು ಸಹಿಸುವುದು ಕಡಿಮೆ. ಶಂಕರಪಲ್ಲಿಯ ಕಡೆ ಬೇಲಿ ಹಾಕಿದ ಎರಡು ಎಕರೆ ಜಮೀನಿದ್ದು, ಅಲ್ಲಿಯೇ ವಾಸಿಸುವವರಿಗೆ ಹೌದೆನ್ನುತ್ತೇನೆ. ಒಂಬತ್ತನೆಯ ಅಂತಸ್ತಿಗೆ ಇದೂ ಬೇಡ.

ಆ ಮಗುವಿಗೆ ನಾಯಿಯೇ ಬೇಡವೆಂದು ನಾನು ಹೇಳಲಾರೆ. ತೇಜಸ್ವಿಯವರ ‘ಕಿವಿ’ಯನ್ನೂ ಕುವೆಂಪು ಅವರ ‘ಹುಲಿಯ’ನನ್ನೂ ಓದಿ ಬೆಳೆದ ನಾವು ಹಾಗೆ ಹೇಳುವುದು ಹೇಗೆ? ಹೈದರಾಬಾದಿನ ನಗರಪಾಲಿಕೆ ಬೀದಿಯ ಮರಿಗಳನ್ನು ದತ್ತು ಕೊಡುವ ಮೇಳ ನಡೆಸಿದೆ. ಲಸಿಕೆ ಹಾಕಿಸಿದ ನಾಡಮರಿಯೊಂದು ಈ ಬಿಸಿಲಿಗೆ, ಈ ಅಡುಗೆಮನೆಯ ಅನ್ನಕ್ಕೆ, ಬೆಳಗಿನ ಒಂದು ಗಂಟೆಯ ನಡಿಗೆಗೆ ಹೊಂದಿಕೊಳ್ಳುತ್ತದೆ. ಬಾತುಗಳನ್ನು ನೋಡುವ ಆಸೆ ಉಳಿದಿದ್ದರೆ ಡಿಸೆಂಬರಿನ ಒಂದು ಭಾನುವಾರ ಮಗಳನ್ನು ದುರ್ಬೀನಿನೊಡನೆ ಅಮೀನ್‌ಪುರಕ್ಕೆ ಕರೆದೊಯ್ಯಲಿ. ಅಂದು ಮರಿ ಮನೆಯಲ್ಲಿಯೇ ಇರಲಿ.