ಏಳು ಇಂಚು ಕಿರಿದಾದ ಹಳಿ

ಮಕ್ಕಳೇ, ಈ ವಾರ ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಇಂಗ್ಲೆಂಡಿನಲ್ಲಿ ಎರಡು ರೈಲುಹಳಿಗಳ ನಡುವಿನ ಅಂತರ 4 ಅಡಿ 8½ ಇಂಚು. ಇದಕ್ಕೆ ಗೇಜ್ ಎನ್ನುತ್ತಾರೆ. ಅಲ್ಲಿನ ಮನೆಗಳಲ್ಲಿ ಓಡಿಸುವ ಮಾದರಿ ರೈಲುಗಳನ್ನು ಹೆಚ್ಚಾಗಿ ಒಂದು ಅಡಿಗೆ 4 ಮಿ.ಮೀ. ಲೆಕ್ಕದಲ್ಲಿ ಮಾಡುತ್ತಾರೆ. ಹಾಗಾದರೆ ಮಾದರಿಯ ಗೇಜ್ ಎಷ್ಟಿರಬೇಕು? 18.83 ಮಿ.ಮೀ. ಆದರೆ ಅಂಗಡಿಯಲ್ಲಿ ಸಿಗುವ ಹಳಿಯದು ಬರೀ 16.5 ಮಿ.ಮೀ. ಅದನ್ನು 4ರಿಂದ ಭಾಗಿಸಿ, 4 ಅಡಿ 1½ ಇಂಚು ಬರುತ್ತದೆ. ಅಂದರೆ ಪೂರಾ 7 ಇಂಚು ಕಡಿಮೆ! ಎದುರಿನಿಂದ ನೋಡಿದರೆ ದಪ್ಪ ಮನುಷ್ಯ ಕಾಲು ಜೋಡಿಸಿಕೊಂಡು ನಿಂತ ಹಾಗಿರುತ್ತದೆ.

ಇದು ಹೇಗಾಯಿತು? ಮೊದಲಿನ ಅಳತೆ ಅಡಿಗೆ 3.5 ಮಿ.ಮೀ. ಇತ್ತು. ಅದಕ್ಕೆ 16.5 ಸರಿಯಾಗಿತ್ತು. ಆದರೆ ಬ್ರಿಟನ್ನಿನ ಎಂಜಿನ್‌ಗಳು ಯುರೋಪಿನ ಉಳಿದ ದೇಶಗಳ ಎಂಜಿನ್‌ಗಳಿಗಿಂತ ಗಾತ್ರದಲ್ಲಿ ಚಿಕ್ಕವು. ಆ ಕಾಲದ ಮೋಟಾರು ಅವುಗಳ ಮಾದರಿಯೊಳಗೆ ಹಿಡಿಸಲಿಲ್ಲ. ಅದಕ್ಕೆ ಎಂಜಿನ್ನಿನ ಮೈಯನ್ನು 4 ಮಿ.ಮೀ. ಲೆಕ್ಕಕ್ಕೆ ಹಿಗ್ಗಿಸಿದರು, ಹಳಿಯನ್ನು ಹಾಗೇ ಬಿಟ್ಟರು. ಅಂಗಿ ದೊಡ್ಡದಾಯಿತು, ಚಪ್ಪಲಿ ಹಳೆಯದೇ ಉಳಿಯಿತು.

ಈ ವ್ಯತ್ಯಾಸ ಸಹಿಸದವರು 18.2 ಮಿ.ಮೀ.ನ ‘ಇಎಂ’ ಗೇಜ್ ಹಿಡಿದರು. 1955ರಿಂದ ಅವರದೊಂದು ಸಂಘವೇ ಇದೆ. ಇನ್ನೂ ಹಟದವರು 18.83ನ್ನೇ ಹಿಡಿದು ‘ಪಿ4’ ಎಂದರು. ಯಾರ್ಕ್ ಊರಿನಲ್ಲಿರುವ ನನ್ನ ಅಕ್ಕನ ಮಗ ಇಎಂ ಪಂಗಡದವನು. ಅವನು ಒಂದು ಎಂಜಿನ್ನನ್ನು ಬದಲಾಯಿಸುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ.

ಅದು ಗ್ರೇಟ್ ವೆಸ್ಟರ್ನ್ ರೈಲ್ವೆಯ ಪ್ಯಾನಿಯರ್ ಟ್ಯಾಂಕ್. ಹೇರೆತ್ತಿನ ಬೆನ್ನಿನ ಎರಡೂ ಕಡೆ ಚೀಲ ಇಳಿಬಿಟ್ಟಂತೆ ಬಾಯ್ಲರಿನ ಎರಡೂ ಪಕ್ಕ ನೀರಿನ ತೊಟ್ಟಿ. ಈ ಜಾತಿಯ 863 ನಿಜ ಎಂಜಿನ್‌ಗಳು 1929ರಿಂದ 1950ರೊಳಗೆ ತಯಾರಾದವು. ಮಾದರಿಯಲ್ಲಿ ಉಗಿಯಿಲ್ಲ, ವಿದ್ಯುತ್ ಮೋಟಾರು ಇದೆ. ಸಿಲಿಂಡರ್ ಹೊರಗೆ ಕಾಣುವುದಿಲ್ಲವಾದ್ದರಿಂದ ಬದಲಾಯಿಸುವುದು ಸ್ವಲ್ಪ ಸುಲಭ.

ಮೊದಲು ಆರು ಗಾಲಿಗಳೂ ಹೊರಬಂದವು. ಜೋಡಿಗಾಲಿಗಳ ಒಳಮೈಗಳ ನಡುವೆ ಸುಮಾರು 14.5 ಮಿ.ಮೀ. ಇದ್ದದ್ದು 16.5 ಆಗಬೇಕು, ಅಂದರೆ ಎಡಕ್ಕೆ 1, ಬಲಕ್ಕೆ 1. ಹೊಸ ಗಾಲಿ, ಉದ್ದನೆಯ ಅಚ್ಚು ಬಂದವು. ಗಾಲಿ ಹೊರಗೆ ಸರಿದಾಗ ಬ್ರೇಕಿನ ತುಂಡುಗಳೂ ಸರಿಯಬೇಕು. ಗಾಲಿಯ ಬೆನ್ನಿಗೆ ತಾಗಿ ವಿದ್ಯುತ್ ಹಿಡಿಯುವ ತಂತಿಗಳನ್ನೂ ಹೊರಕ್ಕೆ ಬಗ್ಗಿಸಬೇಕು. ಮೈಗೆ ಗಾಲಿ ತಾಗುವಲ್ಲಿ ಅರದಿಂದ ಉಜ್ಜಬೇಕು.

ಎಲ್ಲಕ್ಕಿಂತ ನಾಜೂಕಿನದು ಗಾಲಿಗಳ ಕೋನ. ಒಂದೇ ಕಡೆಯಿಂದ ನೋಡಿದಾಗ, ಒಂದು ಗಾಲಿಯ ಕೀಲು ಗಡಿಯಾರದ 12ರಲ್ಲಿದ್ದರೆ ಅದರ ಜೋಡಿಯ ಕೀಲು 3ರಲ್ಲಿರಬೇಕು. ನಿಜ ಎಂಜಿನ್ನಿನಲ್ಲಿ ಒಂದು ಪಿಸ್ಟನ್ ತುದಿಗೆ ಬಂದು ನಿಂತಾಗ ಇನ್ನೊಂದು ತಳ್ಳಲಿ ಎಂದೇ ಈ ಏರ್ಪಾಡು. ಮೂರು ಅಚ್ಚುಗಳಲ್ಲೂ ಕೋನ ಒಂದೇ ಇರಬೇಕು. ತುಸು ಹೆಚ್ಚುಕಡಿಮೆಯಾದರೂ ಗಾಲಿಗಳನ್ನು ಕೂಡಿಸುವ ಕಂಬಿ ಬಿಗಿದು ಎಂಜಿನ್ ಕುಂಟುತ್ತದೆ.

ಕೆಲಸ ಮುಗಿಯಿತು. ಎಂಜಿನ್ನಿನ ನಿಲುವೇ ಬದಲಾಗಿತ್ತು. ಆಗ ಅವನ ಒಂಬತ್ತು ವರ್ಷದ ಮಗಳು ಕೇಳಿದಳು: “ಅಪ್ಪಾ, ಇನ್ನು ಇದು ನನ್ನ ಹಳಿ ಮೇಲೆ ಓಡಲ್ವಾ?”

ಓಡುವುದಿಲ್ಲ. ಅವಳ ಹಳಿ 16.5ರದು, ಈ ಗಾಲಿಗಳು ಅದರೊಳಗೆ ಇಳಿಯುವುದೇ ಇಲ್ಲ. “ನೋಡಿ ಮಾವ, ಬೆಲೆ ಇರೋದು ಇಲ್ಲಿ” ಎಂದ ಅವನು. ಗಾಲಿಯೊಂದನ್ನೇ ಬದಲಾಯಿಸಿದರೆ ಸಾಲದು. ಹಳಿ, ಪಾಯಿಂಟು, ಡಬ್ಬಿಗಳೆಲ್ಲ ಹೊಸ ಅಳತೆಗೆ ಬರಬೇಕು. ಅದಕ್ಕೇ ಅವನು ಒಂದು ಕಪಾಟಿನ ಉದ್ದಕ್ಕೆ ಪುಟ್ಟ ಗೂಡ್ಸ್ ಯಾರ್ಡ್ ಮಾತ್ರ ಇಎಂನಲ್ಲಿ ಕಟ್ಟುತ್ತಿದ್ದಾನೆ. ಮಗಳ ರೈಲುಗಳ ತಂಟೆಗೆ ಹೋಗಿಲ್ಲ. ಹಳೆಯ ಗಾಲಿಗಳನ್ನೂ ಚೀಟಿ ಅಂಟಿಸಿದ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದಾನೆ.

ಎರಡು ಗೇಜ್‌ಗಳ ತೊಡಕು ನಮಗೂ ಹೊಸದಲ್ಲ. ಮನೆಯ ಹಿರಿಯರನ್ನು ಕೇಳಿ. ಆಗ ಮೈಸೂರಿನಿಂದ ಮದ್ರಾಸಿಗೆ ಹೋಗುವವರು ಬೆಂಗಳೂರಿನಲ್ಲಿ ಗಂಟುಮೂಟೆ ಇಳಿಸಿ ಗಾಡಿ ಬದಲಾಯಿಸಬೇಕಿತ್ತು. ಮೈಸೂರಿನ ಕಡೆಯದು ಮೀಟರ್ ಗೇಜ್, ಮದ್ರಾಸಿನ ಕಡೆಯದು ಬ್ರಾಡ್ ಗೇಜ್.

ಈಗ ನಿಮಗೊಂದು ಲೆಕ್ಕ. ನಮ್ಮ ಬ್ರಾಡ್ ಗೇಜ್ 5 ಅಡಿ 6 ಇಂಚು. ಅಡಿಗೆ 4 ಮಿ.ಮೀ.ನಂತೆ ನಮ್ಮ ರೈಲಿನ ಮಾದರಿ ಮಾಡಿದರೆ ಹಳಿಗಳ ನಡುವೆ ಎಷ್ಟು ಅಂತರವಿಡಬೇಕು? ದಶಾಂಶದ ಕಾಟವಿಲ್ಲ, ಉತ್ತರ ಪೂರ್ಣಸಂಖ್ಯೆ. ಕ್ಯಾಲ್ಕುಲೇಟರ್ ಮುಟ್ಟಬೇಡಿ!