ಗಾಜಿನ ಪೆಟ್ಟಿಗೆಯ ಮೀನು ಕೆರೆಗೆ ಬೇಡ



ಮಕ್ಕಳ ಹಟಕ್ಕೆ ಸೋಲದ ತಾಯಿ ಉಂಟೇ? ಮೂರು ವರ್ಷದ ಹಿಂದೆ ಮದುವೆ ಸೀರೆ ತರಲೆಂದು ಹುಬ್ಬಳ್ಳಿಗೆ ಹೋದಾಗ ನನ್ನ ಕಿರಿಯ ಮಗ ಮೀನಿನ ಅಂಗಡಿಯ ಮುಂದೆ ಕಾಲೂರಿ ನಿಂತುಬಿಟ್ಟ. ಕೊನೆಗೆ ಸೀರೆಗಳ ಜೊತೆಗೆ ಒಂದು ಗಾಜಿನ ಪೆಟ್ಟಿಗೆ, ನಾಲ್ಕು ಬಂಗಾರದ ಮೀನು, ಬೆರಳುದ್ದದ ಒಂದು ಕಪ್ಪು ಮೀನು ನಮ್ಮ ಸನವಳ್ಳಿಗೆ ಬಂದವು. "ಈ ಕರೀದು ಪಾಚಿ ತಿಂದು ಗಾಜು ಸ್ವಚ್ಛ ಇಡ್ತದ್ರೀ, ನಿಮಗ ಕೆಲಸಾನ ಇಲ್ಲ" ಎಂದಿದ್ದ ಅಂಗಡಿಯವ. ಕೆಲಸ ತಪ್ಪುತ್ತದೆ ಎಂದರೆ ನಾವು ಹೆಂಗಸರು ಬೇಡ ಎನ್ನುತ್ತೇವೆಯೇ?

ಮೊದಲ ವಾರದಲ್ಲೇ ಎರಡು ಬಂಗಾರದ ಮೀನು ಸತ್ತವು. ತಪ್ಪು ನನ್ನದೇ. ಪಾತ್ರೆ ತಿಕ್ಕುವ ಹಾಗೆ ಪೆಟ್ಟಿಗೆಯನ್ನು ಪೂರ್ತಿ ತೊಳೆದು, ನೀರೆಲ್ಲ ಚೆಲ್ಲಿ, ನಲ್ಲಿಯಿಂದ ಹೊಸ ನೀರು ತುಂಬಿದ್ದೆ. ಮಗನೋ ಹಸಿವಾದೀತೆಂದು ಹೊತ್ತಿಗೊಮ್ಮೆ ಮುಷ್ಟಿ ಮುಷ್ಟಿ ಆಹಾರ ಹಾಕುತ್ತಿದ್ದ. ಪ್ರೀತಿಯಿಂದಲೇ ಕೊಂದೆವು ಎನ್ನಬೇಕು.

ಆದರೆ ಆ ಕಪ್ಪು ಮೀನು ಮಾತ್ರ ಬೆಳೆಯಿತು ನೋಡಿ! ಗೇಣುದ್ದವಾಯಿತು, ಗೇಣು ದಾಟಿತು. ತಿರುಗಲು ಜಾಗ ಸಾಲದೆ ರಾತ್ರಿ ಗಾಜಿಗೆ ಬಾಲ ಬಡಿಯುವ ಸದ್ದು ಅಡುಗೆಮನೆಗೂ ಕೇಳುತ್ತಿತ್ತು. ಪಕ್ಕದ ಮನೆಯ ಅತ್ತೆಯವರು, "ಆ ಮೂಕ ಜೀವಕ್ಕ ಯಾಕ ಸೆರೆವಾಸ? ಡ್ಯಾಮಿಗೆ ಬಿಟ್ಟು ಬಾರವಾ, ಪುಣ್ಯ ಬರ್ತದ" ಎಂದರು. ನನಗೂ ಸರಿ ಎನಿಸಿತು. ಒಂದು ಸಂಜೆ ಮೀನನ್ನು ಬಕೆಟ್ಟಿಗೆ ಹಾಕಿಕೊಂಡು, ಮಗನ ಕೈ ಹಿಡಿದು ನಮ್ಮೂರ ಜಲಾಶಯದ ದಂಡೆಗೆ ಹೋದೆ.

ಅಲ್ಲಿ ಬಲೆ ಬಿಡಿಸುತ್ತಿದ್ದ ಒಬ್ಬರು ಬಕೆಟ್ಟಿನಲ್ಲಿ ಇಣುಕಿ ನೋಡಿದವರೇ ಎದ್ದು ನಿಂತರು. "ಬ್ಯಾಡ್ರಿ ಅಕ್ಕಾರ, ಇದನ್ನ ಇಲ್ಲಿ ಬಿಡಬ್ಯಾಡ್ರಿ. ಆಂಧ್ರದ ಕಡೆ ಇದಕ್ಕ ದೆವ್ವದ ಮೀನ ಅಂತಾರ. ಬಲಿಗೆ ಸಿಕ್ಕರ ಬಲಿ ಹರಿತೈತಿ, ತಿನ್ನಾಕೂ ಬರೂದಿಲ್ಲ, ಮಾರಾಕೂ ಬರೂದಿಲ್ಲ" ಎಂದರು. ನಾಚಿಕೆಯಿಂದ ಬಕೆಟ್ಟು ಎತ್ತಿಕೊಂಡು ಹಿಂದಿರುಗಿದೆ.

ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಇದು ದಕ್ಷಿಣ ಅಮೆರಿಕದ ಮೀನು, ಸಕ್ಕರ್ ಎನ್ನುತ್ತಾರೆ. ಒಂದೂವರೆ ಅಡಿಯವರೆಗೂ ಬೆಳೆಯುತ್ತದೆ. ಮೈಮೇಲೆ ಎಲುಬಿನ ಕವಚ, ರೆಕ್ಕೆಯಲ್ಲಿ ಮುಳ್ಳು. ಹಾಗಾಗಿ ಇದನ್ನು ಹಿಡಿದು ತಿನ್ನುವ ಪ್ರಾಣಿ ನಮ್ಮಲ್ಲಿ ಕಡಿಮೆ. ತಳದ ಪಾಚಿಯ ಜೊತೆಗೆ ಬೇರೆ ಮೀನುಗಳ ಮೊಟ್ಟೆಯನ್ನೂ ನುಂಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮೊಟ್ಟೆ ಇಡಲು ದಂಡೆಯ ಮಣ್ಣಿನಲ್ಲಿ ಬಿಲ ಕೊರೆಯುತ್ತದೆ. ಮಣ್ಣಿನ ಏರಿಯನ್ನು ನಂಬಿ ಗದ್ದೆ ಮಾಡುವ ನಮ್ಮಂಥವರಿಗೆ ಇದು ಸಣ್ಣ ಮಾತೇ? ಕೇರಳ, ತಮಿಳುನಾಡು, ಆಂಧ್ರದ ನೀರಿನಲ್ಲಿ ಇದು ಆಗಲೇ ಸೇರಿಕೊಂಡಿದೆ.

2018ರ ಮಹಾಪೂರದಲ್ಲಿ ಕೇರಳದ ಸಾಕಣೆ ಕೊಳಗಳಿಂದ ಅರಪೈಮದಂಥ ಪರದೇಶದ ದೈತ್ಯ ಮೀನುಗಳು ಹೊಳೆಗೆ ಸೇರಿದ್ದವು. ಆಫ್ರಿಕದ ಕ್ಯಾಟ್‌ಫಿಶ್ ಸಾಕಬಾರದೆಂದು ಕೇಂದ್ರ ಸರ್ಕಾರ 1997ರಲ್ಲೇ ಹೇಳಿದರೂ ಅದು ಇನ್ನೂ ನಮ್ಮ ನದಿಗಳಲ್ಲಿ ಸಿಗುತ್ತದೆ. ಒಮ್ಮೆ ನೀರಿಗೆ ಬಿದ್ದದ್ದನ್ನು ಹೆಕ್ಕಿ ತೆಗೆಯಲಾಗದು, ಸಾರಿಗೆ ಬಿದ್ದ ಉಪ್ಪಿನ ಹಾಗೆ. ನಮ್ಮ ತಾಲೂಕಿನ ಅತ್ತಿವೇರಿ ಪಕ್ಷಿಧಾಮಕ್ಕೆ ಬರುವ ಬೆಳ್ಳಕ್ಕಿ, ನೀರುಕಾಗೆಗಳ ಹೊಟ್ಟೆ ತುಂಬುವುದೂ ನೀರಿನ ಮೀನಿನಿಂದಲೇ ಅಲ್ಲವೇ? ಗೆಂಡೆ, ಕೊರವ ಉಳಿದರೆ ತಾನೇ ಅವೂ ಉಳಿಯುವುದು?

"ಪಾಪ, ಡ್ಯಾಮಿನ್ಯಾಗ ಆರಾಮ ಇರ್ತಿತ್ತಲ್ಲವ್ವಾ?" ಎಂದು ಮಗ ಕೇಳಿದ. "ಅದು ಆರಾಮ ಇರ್ತಿತ್ತಪಾ, ಉಳದಾವು ಇರ್ತಿರಲಿಲ್ಲ" ಎಂದೆ. ಅವನಿಗೆ ಅರ್ಥವಾಯಿತು. ದೊಡ್ಡವರಾದ ನಮಗೇ ತಡವಾಗಿ ಆಗುತ್ತದೆ.

ಮನೆಯಲ್ಲಿ ಮೀನು ಸಾಕುವ ಸೋದರಿಯರಿಗೆ ನಾನು ಪೆಟ್ಟು ತಿಂದು ಕಲಿತ ನಾಲ್ಕು ಮಾತು ಹೇಳುತ್ತೇನೆ.

ಕೊಳ್ಳುವ ಮೊದಲು "ಇದು ಎಷ್ಟು ಉದ್ದ ಬೆಳೆಯುತ್ತದೆ, ಎಷ್ಟು ವರ್ಷ ಬದುಕುತ್ತದೆ?" ಎಂದು ಕೇಳಿ. ಬಂಗಾರದ ಮೀನೇ ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ಅದಕ್ಕೆ ದುಂಡು ಬೋಗುಣಿ ಸಾಲದು.

ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಿಸಿ. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು ಬಳಸಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ.

ತೆಗೆದ ಹಳೆಯ ನೀರನ್ನು ಹಳ್ಳಕ್ಕಾಗಲಿ ಗಟಾರಕ್ಕಾಗಲಿ ಚೆಲ್ಲಬೇಡಿ. ಮಲ್ಲಿಗೆ ಬಳ್ಳಿಗೆ, ಕರಿಬೇವಿನ ಬುಡಕ್ಕೆ ಹಾಕಿ, ಒಳ್ಳೆಯ ಗೊಬ್ಬರ. ನನ್ನ ಕರಿಬೇವು ಈಗ ಹೇಗೆ ಚಿಗುರಿದೆ ಎಂದರೆ ಓಣಿಯವರೆಲ್ಲ ಒಗ್ಗರಣೆಗೆ ನಮ್ಮ ಮನೆಗೇ ಬರುತ್ತಾರೆ!

ಪೆಟ್ಟಿಗೆಯ ನೀರುಗಿಡಗಳನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ ತಿಪ್ಪೆಗೆ ಹಾಕಿ. ಕೆರೆಗಳನ್ನೇ ಮುಚ್ಚುವ ಅಂತರಗಂಗೆ ಕೂಡ ಹೂವಿನ ಅಂದಕ್ಕೆಂದು ಪರದೇಶದಿಂದ ಬಂದದ್ದೇ. ಸತ್ತ ಮೀನನ್ನು ನೀರಿಗೆ ಎಸೆಯದೆ ತೆಂಗಿನ ಬುಡದಲ್ಲಿ ಆಳವಾಗಿ ಹೂಳಿ, ರೋಗ ಇದ್ದರೆ ಹರಡುವುದಿಲ್ಲ.

ಸಾಕಲು ಆಗದಿದ್ದರೆ ಅಂಗಡಿಗೆ ಮರಳಿಸಿ, ಇಲ್ಲವೇ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ. ಬಾವಿಗೂ ಬೇಡ, ಕಾಲುವೆಗೂ ಬೇಡ. ಮಳೆಗಾಲದಲ್ಲಿ ಕೋಡಿ ಬಿದ್ದರೆ ಕೆರೆಯ ಮೀನು ಹಳ್ಳಕ್ಕೆ, ಹಳ್ಳದ್ದು ಹೊಳೆಗೆ.

ನಮ್ಮ ಕರಿಯನನ್ನು ಮುಚ್ಚಳವಿದ್ದ ಕೊಡದಲ್ಲಿಟ್ಟು ಬಸ್ಸಿನಲ್ಲಿ ಹುಬ್ಬಳ್ಳಿಗೆ ಒಯ್ದೆವು. ಬಸ್ ಚಾರ್ಜೇ ಮೀನಿನ ಬೆಲೆಗಿಂತ ಹೆಚ್ಚಾಯಿತು. ಅಂಗಡಿಯವ ದುಡ್ಡೇನೂ ಕೊಡಲಿಲ್ಲ, ದೊಡ್ಡ ತೊಟ್ಟಿಗೆ ಬಿಟ್ಟುಕೊಂಡ. "ಇನ್ನು ಮ್ಯಾಲೆ ಕೊಳ್ಳಾಕ ಬಂದವರಿಗೆ ಇದು ಎಷ್ಟು ಉದ್ದ ಆಗ್ತದ ಅಂತ ಮೊದಲ ಹೇಳ್ರೀ" ಎಂದು ನಾನು ಹೇಳಿ ಬಂದೆ. ನಕ್ಕು ತಲೆಯಾಡಿಸಿದ. ಅವನು ಹೇಳದಿದ್ದರೆ ಬೇಡ, ನೀವು ಕೇಳಿ.

ಉಳಿದ ಎರಡು ಬಂಗಾರದ ಮೀನು ಕಿಟಕಿಯ ಪಕ್ಕದಲ್ಲಿ ಹಾಯಾಗಿವೆ. ಗಾಜಿನ ಪಾಚಿಯನ್ನು ಈಗ ನಾನೇ ತಿಕ್ಕುತ್ತೇನೆ.

ಮುಂದಿನ ಸಂಚಿಕೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಕೆಡದಂತೆ ಇಡುವ ಬಗೆಯೊಂದಿಗೆ ಭೇಟಿಯಾಗೋಣ.