ಹಲ್ಲಿಗೂ ಬೇಕು ಥರ್ಮೋಸ್ಟಾಟ್

ಲೆಪರ್ಡ್ ಗೆಕ್ಕೋ ಅಂತ ಒಂದು ಹಲ್ಲಿ. ಅಫ್ಘಾನಿಸ್ತಾನ, ಪಾಕಿಸ್ತಾನದ ಕಡೆಯ ಒಣನೆಲದ್ದು. ಇಂಗ್ಲೆಂಡ್, ಅಮೆರಿಕಾದಲ್ಲಿ ಇದನ್ನು ಸಾಕೋರು ಬಹಳ. ಅಲ್ಲಿನ ಚಳಿಗೆ ಗಾಜಿನ ಪೆಟ್ಟಿಗೆಯಡಿ ಹೀಟ್ ಮ್ಯಾಟ್ ಇಡ್ತಾರೆ. "ಮ್ಯಾಟ್ ಇದ್ದರೆ ಸಾಕು, ಥರ್ಮೋಸ್ಟಾಟ್ ದಂಡ" ಅನ್ನೋ ವಾದ ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತೆ.

ಬರೀ ಮ್ಯಾಟ್ ಅಂದ್ರೆ ಕಂಡಿಷನ್ ಇಲ್ಲದ ಲೂಪ್ ಇದ್ದ ಹಾಗೆ, ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಗೊತ್ತಿಲ್ಲ. ತಿಂದದ್ದು ಅರಗೋಕೆ ಹಲ್ಲಿಗೆ ಬೇಕಾದ್ದು ಸುಮಾರು 32 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ನೆಲ. ಹಿಡಿತ ಇಲ್ಲದ ಮ್ಯಾಟ್ 40 ದಾಟಬಹುದು, ಹೊಟ್ಟೆ ಸುಡಬಹುದು.

ಡಿಮ್ಮರ್ ಇದೆಯಲ್ಲ ಅಂತೀರಾ? ಅದು ಕರೆಂಟ್ ತಗ್ಗಿಸುತ್ತೆ ಅಷ್ಟೇ, ಬಿಸಿ ಅಳೆಯಲ್ಲ. ರೂಮು ಬೆಚ್ಚಗಾದರೆ ಮ್ಯಾಟೂ ಇನ್ನಷ್ಟು ಕಾಯುತ್ತೆ. ಥರ್ಮೋಸ್ಟಾಟ್ ಹಾಕಿದರೂ ಪ್ರೋಬ್ ಹಲ್ಲಿ ಮಲಗೋ ಜಾಗದಲ್ಲೇ ಇರಬೇಕು. ಪ್ರೋಬ್ ಸರಿದರೆ? ಅದಕ್ಕೇ ಬೇರೆ ಥರ್ಮಾಮೀಟರೂ ಇರಲಿ. ಮ್ಯಾಟ್ ನೆಲದ ಮೂರನೇ ಒಂದು ಭಾಗಕ್ಕಿದ್ದರೆ ಸಾಕು, ಸೆಕೆಯಾದರೆ ಎದ್ದು ಹೋಗೋಕೆ ತಂಪು ಜಾಗ ಬೇಡವೇ?

ನಮ್ಮಲ್ಲಿ ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜ ಅಂತಾರೆ. ಪೆಟ್ಟಿಗೆಯೊಳಗಿನ ಹಲ್ಲಿ ಮಾತ್ರ "ಬಿಸಿ ಜಾಸ್ತಿ ಆಯ್ತು" ಅಂತ ಹೇಳಲ್ಲ. ಹಲ್ಲಿಗೆ ದುಡ್ಡಿದೆ, ಥರ್ಮೋಸ್ಟಾಟಿಗೆ ಇಲ್ಲ ಅನ್ನೋರು ಹಲ್ಲಿ ತರೋದೇ ಬೇಡ.

ನೀವೇನಂತೀರಿ?